ಆಸ್ಪತ್ರೆಯ ಬಿಲ್ಲುಗಳು ಕೊಟ್ಟ ಉತ್ತರ

ವಯಸ್ಕರ ಮೂತ್ರಪಿಂಡ ಸುಮಾರು 11 ಸೆಂಟಿಮೀಟರ್ ಉದ್ದ. 1990ರ ಜೂನ್ 25ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಡಾ. ರಾಲ್ಫ್ ಕ್ಲೇಮನ್ ಮತ್ತು ಅವರ ತಂಡ ಅದನ್ನು ಹೊರತರಲು ಇಟ್ಟುಕೊಂಡಿದ್ದ ದಾರಿ 11 ಮಿಲಿಮೀಟರ್ ಅಗಲದ್ದು. ರೋಗಿ 85 ವರ್ಷದ ವೃದ್ಧೆ. ಬಲಗಡೆಯ ಮೂತ್ರಪಿಂಡದಲ್ಲಿ 3 ಸೆಂಟಿಮೀಟರಿನ ಗಡ್ಡೆ. ಆ ವಯಸ್ಸಿನಲ್ಲಿ ಪಕ್ಕೆ ಸೀಳಿ ಮಾಡುವ ದೊಡ್ಡ ಆಪರೇಷನ್ನಿನಿಂದ ಚೇತರಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಎಲ್ಲ ವೈದ್ಯರಿಗೂ ಗೊತ್ತಿತ್ತು. ಹೊಟ್ಟೆಗೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣ ತೂರಿಸಿ ಪಿತ್ತಕೋಶ ತೆಗೆಯುವುದು ಆಗಷ್ಟೇ ಹಬ್ಬುತ್ತಿತ್ತು. ಪಿತ್ತಕೋಶವಾದರೆ ಪೊಳ್ಳು ಚೀಲ. ಪಿತ್ತರಸ ಹೀರಿಬಿಟ್ಟರೆ ಸಣ್ಣ ರಂಧ್ರದಲ್ಲೂ ಎಳೆದುಕೊಳ್ಳಬಹುದು. ಮೂತ್ರಪಿಂಡ ಗಟ್ಟಿ ಅಂಗ. ಒಳಗೆ ಕತ್ತರಿಸಿ ಬಿಡಿಸಿಕೊಂಡರೂ ಹೊರಗೆ ತರುವುದು ಹೇಗೆ?

ಕ್ಲೇಮನ್ ತಂಡ ಈ ಪ್ರಶ್ನೆಯನ್ನು ಮೊದಲು ಪ್ರಯೋಗಾಲಯದಲ್ಲಿ, ಹಂದಿಗಳ ಮೇಲೆ ಬಿಡಿಸಿಕೊಂಡಿತ್ತು. ಅವರು ಕಂಡುಕೊಂಡ ಉಪಾಯದಲ್ಲಿ ಎರಡು ವಸ್ತು. ಒಂದು, ಹೊಟ್ಟೆಯೊಳಗೇ ಬಿಚ್ಚಿಕೊಳ್ಳುವ, ಸುಲಭಕ್ಕೆ ಹರಿಯದ ಚೀಲ. ಇನ್ನೊಂದು, ಚೀಲದೊಳಗೆ ಇಳಿಸಿ ಅಂಗವನ್ನು ಚೂರು ಮಾಡಿ ಹೀರಿಕೊಳ್ಳುವ ಯಂತ್ರ. ಬಿಡಿಸಿದ ಮೂತ್ರಪಿಂಡವನ್ನು ಚೀಲಕ್ಕೆ ಹಾಕಬೇಕು, ಬಾಯಿಯ ದಾರ ಎಳೆದು ಅದನ್ನು ರಂಧ್ರದ ಹೊರಗೆ ತರಬೇಕು, ಆಮೇಲೆ ಒಳಗಿರುವುದನ್ನು ಚೂರುಚೂರಾಗಿ ತೆಗೆಯಬೇಕು. ಗಡ್ಡೆಯ ಒಂದು ಕಣವೂ ಹೊಟ್ಟೆಯಲ್ಲಿ ಚೆಲ್ಲಬಾರದು ಎಂಬುದಕ್ಕೇ ಚೀಲ. ಆಪರೇಷನ್ ಹತ್ತಿರ ಹತ್ತಿರ ಏಳು ಗಂಟೆ ಹಿಡಿಯಿತು. 190 ಗ್ರಾಂ ತೂಕದ ಮೂತ್ರಪಿಂಡ ಆ ಕಿರಿದಾದ ರಂಧ್ರದಿಂದ ಹೊರಬಂತು. ವೃದ್ಧೆ ಚೇತರಿಸಿಕೊಂಡರು. ಮರುವರ್ಷ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಬಂದಾಗ ಏಳು ಗಂಟೆಯ ಲೆಕ್ಕ ನೋಡಿ ಇದು ನಡೆಯುವ ಕೆಲಸವಲ್ಲ ಎಂದವರಿಗೂ ಕಾರಣವಿತ್ತು. ಆದರೆ ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಇದರ ಬೆಲೆ ಗೊತ್ತಾಗಬೇಕಾದರೆ ಅದಕ್ಕೂ ಮೊದಲು ಮೂತ್ರಪಿಂಡ ತೆಗೆಯುತ್ತಿದ್ದ ಬಗೆ ಗೊತ್ತಿರಬೇಕು. ಮನುಷ್ಯ ಒಂದೇ ಮೂತ್ರಪಿಂಡದಲ್ಲಿ ಬದುಕಬಲ್ಲ ಎಂಬುದೇ 19ನೇ ಶತಮಾನದ ನಡುವಿನವರೆಗೆ ಖಚಿತವಿರಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸಿಮೊನ್ ಎಂಬ ಶಸ್ತ್ರವೈದ್ಯರ ಬಳಿ ಮಾರ್ಗರೆಟಾ ಕ್ಲೆಬ್ ಎಂಬ ಮಹಿಳೆ ಬಂದರು. ಹಿಂದಿನ ಒಂದು ಆಪರೇಷನ್ನಿನಲ್ಲಿ ಮೂತ್ರನಾಳಕ್ಕೆ ಪೆಟ್ಟಾಗಿ ಹಗಲೂ ರಾತ್ರಿ ಮೂತ್ರ ಸೋರುತ್ತಿತ್ತು. ರಿಪೇರಿಯ ಪ್ರಯತ್ನಗಳು ಕೈಕೊಟ್ಟವು. ಆ ಬದಿಯ ಮೂತ್ರಪಿಂಡವನ್ನೇ ತೆಗೆದುಬಿಡುವುದೊಂದೇ ದಾರಿ. ಸಿಮೊನ್ ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ಒಂದು ಮೂತ್ರಪಿಂಡ ಹೋದರೆ ಇನ್ನೊಂದು ಹೊಣೆ ಹೊರುತ್ತದೆ ಎಂದು ಖಾತ್ರಿ ಮಾಡಿಕೊಂಡರು. 1869ರ ಆಗಸ್ಟ್ 2ರಂದು ಆಪರೇಷನ್ ಮಾಡಿದರು. ಆಕೆ ಬದುಕಿದರು, ಸೋರಿಕೆ ನಿಂತಿತು. ಆಂಟಿಬಯೋಟಿಕ್ ಇಲ್ಲದ, ರಕ್ತ ಕೊಡುವ ವ್ಯವಸ್ಥೆಯಿಲ್ಲದ ಕಾಲದಲ್ಲಿ ಒಬ್ಬ ಹೆಂಗಸಿನ ದಿನನಿತ್ಯದ ಯಾತನೆ ನೋಡಲಾರದೆ ಮಾಡಿದ ಈ ಸಾಹಸದ ಮುಂದೆ ನನಗೆ ಆಮೇಲಿನ ಯಂತ್ರಗಳೆಲ್ಲ ಸ್ವಲ್ಪ ಚಿಕ್ಕವಾಗಿ ಕಾಣುತ್ತವೆ.

ಅಲ್ಲಿಂದ ನೂರಿಪ್ಪತ್ತು ವರ್ಷ ದಾರಿ ಹೆಚ್ಚು ಬದಲಾಗಲಿಲ್ಲ. ಪಕ್ಕೆಯಲ್ಲಿ ಉದ್ದಕ್ಕೆ ಕೊಯ್ಯಬೇಕು, ಸ್ನಾಯುಗಳ ಪದರಗಳನ್ನು ದಾಟಬೇಕು, ಕೆಲವೊಮ್ಮೆ ಕೊನೆಯ ಪಕ್ಕೆಲುಬಿನ ತುಂಡನ್ನೇ ತೆಗೆಯಬೇಕು. ರೋಗಿಗೆ ಉಸಿರೆಳೆದರೆ ನೋವು, ಕೆಮ್ಮಿದರೆ ನೋವು, ಕೆಲಸಕ್ಕೆ ಮರಳಲು ವಾರಗಟ್ಟಲೆ ಸಮಯ.

ಕಿರಿದಾದ ರಂಧ್ರದಿಂದ ಹೊಟ್ಟೆಯೊಳಗೆ ಇಣುಕುವ ವಿದ್ಯೆ, ಅಂದರೆ ಲ್ಯಾಪರೊಸ್ಕೋಪಿ, ಅಷ್ಟರಲ್ಲಿ ಹಳೆಯದಾಗಿತ್ತು. 1901ರಲ್ಲಿ ಜರ್ಮನಿಯ ಗೆಯೊರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ ಒಳಗೆ ನೋಡಿ ತೋರಿಸಿದ್ದರು. 1910ರಲ್ಲಿ ಸ್ವೀಡನ್ನಿನ ಹಾನ್ಸ್ ಕ್ರಿಶ್ಚಿಯನ್ ಯಾಕೊಬೇಯಸ್ ಮನುಷ್ಯರಲ್ಲಿ ಅದನ್ನೇ ಮಾಡಿದರು. ನೋಡುವುದರಿಂದ ಕತ್ತರಿಸುವುದಕ್ಕೆ ದಾಟಲು ಮಾತ್ರ ಬಹಳ ವರ್ಷ ಬೇಕಾಯಿತು. 1980ರಲ್ಲಿ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಈ ವಿಧಾನದಲ್ಲಿ ಅಪೆಂಡಿಕ್ಸ್ ತೆಗೆದಾಗ ಅವರನ್ನು ವೃತ್ತಿಯಿಂದಲೇ ಅಮಾನತು ಮಾಡಬೇಕೆಂಬ ಕೂಗೆದ್ದಿತು. 1985ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು. ಅವರನ್ನೂ ಸಹೋದ್ಯೋಗಿಗಳು ನಂಬಲಿಲ್ಲ. ಇನ್ನೈದು ವರ್ಷದಲ್ಲಿ ಅದೇ ವಿಧಾನಕ್ಕೆ ರೋಗಿಗಳೇ ಸಾಲುಗಟ್ಟಿ ನಿಂತರು. ಗಾಯ ಚಿಕ್ಕದು, ನೋವು ಕಡಿಮೆ, ಎರಡನೇ ದಿನ ಎದ್ದು ಓಡಾಡುತ್ತಾರೆ. ಈ ಲಾಭವನ್ನು ಕಾಣಲು ಯಾವ ಅಂಕಿಸಂಖ್ಯೆಯೂ ಬೇಕಿರಲಿಲ್ಲ, ವಾರ್ಡಿನಲ್ಲಿ ಎರಡು ಹಾಸಿಗೆ ನೋಡಿದರೆ ಸಾಕಿತ್ತು. ಈ ಮಾತು ನೆನಪಿನಲ್ಲಿರಲಿ, ರೋಬೋಟಿನ ವಿಷಯ ಬಂದಾಗ ಬೇಕಾಗುತ್ತದೆ.

ಕ್ಲೇಮನ್ ದಾರಿಗೆ ಭಾರತದ ವೈದ್ಯರೊಬ್ಬರು ಸೇರಿಸಿದ್ದನ್ನು ನಮ್ಮಲ್ಲಿ ಬಹಳ ಜನ ಕೇಳಿಯೇ ಇಲ್ಲ. ಮೂತ್ರಪಿಂಡ ಇರುವುದು ಕರುಳಿನ ಜೊತೆಗಲ್ಲ, ಅದರ ಹಿಂದೆ, ಬೆನ್ನಿನ ಕಡೆ, ಕೊಬ್ಬಿನಲ್ಲಿ ಹುದುಗಿಕೊಂಡು. ಬೆನ್ನಿನ ಕಡೆಯಿಂದಲೇ ಹೋದರೆ ಕರುಳನ್ನು ಮುಟ್ಟುವ ಅಗತ್ಯವೇ ಇಲ್ಲ. ಆದರೆ ಅಲ್ಲಿ ಟೊಳ್ಳು ಜಾಗವಿಲ್ಲ. ಗ್ಯಾಸ್ ತುಂಬಿದರೆ ಕೊಬ್ಬಿನ ನಡುವೆ ಅಡ್ಡಾದಿಡ್ಡಿ ನುಸುಳುತ್ತದೆಯೇ ಹೊರತು ಕೆಲಸಕ್ಕೆ ಬೇಕಾದ ಅವಕಾಶ ತೆರೆದುಕೊಳ್ಳುವುದಿಲ್ಲ. ಲಂಡನ್ನಿನ ಜಾನ್ ವಿಕಮ್ 1979ರಲ್ಲಿ ಈ ದಾರಿಯಲ್ಲಿ ಮೂತ್ರನಾಳದ ಕಲ್ಲು ತೆಗೆದಿದ್ದರೂ ಅದು ಹಬ್ಬಲಿಲ್ಲ. ಮುಂಬೈಯ ಬಾಂಬೆ ಹಾಸ್ಪಿಟಲ್‌ನ ಡಾ. ಡಿ.ಡಿ. ಗೌರ್ ಆಪರೇಷನ್ ಥಿಯೇಟರಿನಲ್ಲಿ ಸದಾ ಸಿಗುವ ವಸ್ತುಗಳನ್ನೇ ಎತ್ತಿಕೊಂಡರು. ರಬ್ಬರ್ ಕೈಗವಸಿನ ತುಂಡನ್ನು ಕ್ಯಾತಿಟರ್ ಎಂಬ ಕೊಳವೆಯ ತುದಿಗೆ ಬಿಗಿಯಾಗಿ ಕಟ್ಟಿದರು. ಇನ್ನೊಂದು ತುದಿಗೆ ರಕ್ತದೊತ್ತಡ ಅಳೆಯುವ ಉಪಕರಣದಂಥ ಕೈಪಂಪು. ಬೆನ್ನಿನ ಬದಿಯ ಸಣ್ಣ ಕೊಯ್ತದಿಂದ ಅದನ್ನು ಒಳಗಿಳಿಸಿ ಉಬ್ಬಿಸಿದರೆ ಬಲೂನು ಕೊಬ್ಬನ್ನು ಮೆಲ್ಲಗೆ ಸರಿಸಿ, ರಕ್ತ ಹರಿಯದಂತೆ ಜಾಗ ಮಾಡುತ್ತದೆ. 1992ರಲ್ಲಿ ಅಮೆರಿಕದ ಮೂತ್ರಶಾಸ್ತ್ರ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಬೆನ್ನಿನ ಕಡೆಯ ಲ್ಯಾಪರೊಸ್ಕೋಪಿ ಶುರುವಾದದ್ದು ಈ ಬಲೂನಿನಿಂದ. ದುಡ್ಡಿಲ್ಲದ ಆಸ್ಪತ್ರೆಯೂ ಅದೇ ದಿನ ಮಾಡಿಕೊಳ್ಳಬಹುದಾದ ಉಪಕರಣ ಅದು. ಮೂತ್ರಪಿಂಡದ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಆವಿಷ್ಕಾರ ನನಗೆ ಗೊತ್ತಿಲ್ಲ.

1995ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲಾಯ್ಡ್ ರ್‍ಯಾಟ್ನರ್ ಮತ್ತು ಲೂಯಿಸ್ ಕವೂಸಿ ಜೀವಂತ ದಾನಿಯೊಬ್ಬರಿಂದ ಲ್ಯಾಪರೊಸ್ಕೋಪಿಯಲ್ಲಿ ಮೂತ್ರಪಿಂಡ ತೆಗೆದರು. ಇಲ್ಲಿ ಚೂರು ಮಾಡುವಂತಿಲ್ಲ. ಕಿಬ್ಬೊಟ್ಟೆಯಲ್ಲಿ ಸಣ್ಣದೊಂದು ಕೊಯ್ತ ಮಾಡಿ ಇಡಿಯಾಗಿಯೇ ತೆಗೆಯಬೇಕು. ಕ್ಯಾನ್ಸರ್ ಗಡ್ಡೆಯ ವಿಷಯದಲ್ಲೂ ಈಗ ಸಾಮಾನ್ಯವಾಗಿ ಹಾಗೆಯೇ ಮಾಡುತ್ತಾರೆ, ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ ಎಂದು ಪರೀಕ್ಷಿಸಲು ಅಂಗ ಇಡಿಯಾಗಿ ಸಿಗಬೇಕಲ್ಲ. ಯಾವ ಕಾಯಿಲೆಯೂ ಇಲ್ಲದ ಮನುಷ್ಯ ಇನ್ನೊಬ್ಬರಿಗಾಗಿ ಪಕ್ಕೆ ಕೊಯ್ಸಿಕೊಳ್ಳುವ ಭಯ ಇದರಿಂದ ಬಹಳಷ್ಟು ತಗ್ಗಿತು. ನಮ್ಮ ದೇಶದಲ್ಲಿ ಹೀಗೆ ಮೂತ್ರಪಿಂಡ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು: ತಾಯಿ, ಹೆಂಡತಿ, ಅಕ್ಕ. ಅವರ ಪಾಲಿಗೆ ಗಾಯದ ಅಳತೆ ಸಣ್ಣ ವಿಷಯವಲ್ಲ.

ಇಷ್ಟಾದರೂ ಲ್ಯಾಪರೊಸ್ಕೋಪಿ ಕಲಿಯುವುದು ಸುಲಭವಿರಲಿಲ್ಲ. ಉದ್ದನೆಯ ನೇರ ಉಪಕರಣ ಹೊಟ್ಟೆಯ ಗೋಡೆಯನ್ನು ಆನಿಸಿಕೊಂಡು ತಿರುಗುತ್ತದೆ. ದೋಣಿಯ ಹುಟ್ಟಿನ ಹಾಗೆ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ. ತುದಿಗೆ ಮಣಿಕಟ್ಟಿಲ್ಲ. ಪರದೆಯ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ. ಕತ್ತರಿಸುವುದು, ಕ್ಲಿಪ್ ಹಾಕುವುದು ಹೇಗೋ ಆಗುತ್ತದೆ. ಸೂಜಿ ಹಿಡಿದು ಹೊಲಿಗೆ ಹಾಕುವುದು ನುರಿತವರಿಗೂ ಬೆವರಿಳಿಸುವ ಕೆಲಸ.

ಈ ತೊಡಕಿಗೆ ಉತ್ತರ ಸಿದ್ಧವಾಗುತ್ತಿದ್ದದ್ದು ಯುದ್ಧದ ನೆಪದಲ್ಲಿ. ಗಾಯಗೊಂಡ ಸೈನಿಕನಿಗೆ ದೂರದಲ್ಲಿ ಕೂತ ಶಸ್ತ್ರವೈದ್ಯ ಯಂತ್ರದ ಕೈಗಳ ಮೂಲಕ ಆಪರೇಷನ್ ಮಾಡಲಿ ಎಂಬುದು ಅಮೆರಿಕದ ಸೇನಾ ವೈದ್ಯ ರಿಚರ್ಡ್ ಸಟಾವಾ ಅವರ ಕನಸು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಫಿಲಿಪ್ ಗ್ರೀನ್ ಅಂಥ ಯಂತ್ರ ಕಟ್ಟುತ್ತಿದ್ದರು. ಆ ವಿದ್ಯೆಯ ಮೇಲೆ 1995ರಲ್ಲಿ ಇಂಟ್ಯೂಟಿವ್ ಸರ್ಜಿಕಲ್ ಕಂಪನಿ ಹುಟ್ಟಿತು. ಅದರ ಡಾವಿಂಚಿ ಯಂತ್ರಕ್ಕೆ 2000ದ ಜುಲೈಯಲ್ಲಿ ಅಮೆರಿಕದ ಔಷಧ ಆಡಳಿತದ ಒಪ್ಪಿಗೆ ಸಿಕ್ಕಿತು. ಕಂಪ್ಯೂಟರ್ ಮೋಷನ್ ಎಂಬ ಇನ್ನೊಂದು ಕಂಪನಿ ಜ್ಯೂಸ್ ಎಂಬ ಯಂತ್ರ ತಂದಿತ್ತು. ಪ್ಯಾರಿಸ್ಸಿನ ಮೊಂಸೂರಿ ಆಸ್ಪತ್ರೆಯ ವೈದ್ಯರು ಜ್ಯೂಸ್ ಬಳಸಿ ಮೂತ್ರಪಿಂಡ ತೆಗೆದದ್ದನ್ನು 2001ರಲ್ಲಿ ವರದಿ ಮಾಡಿದರು. 2003ರಲ್ಲಿ ಎರಡೂ ಕಂಪನಿಗಳು ಒಂದಾದವು, ಡಾವಿಂಚಿ ಉಳಿಯಿತು.

ರೋಬೋಟ್ ಎಂಬ ಹೆಸರು ಕೇಳಿ ಯಂತ್ರ ತಾನೇ ಆಪರೇಷನ್ ಮಾಡುತ್ತದೆ ಎಂದುಕೊಳ್ಳುವವರಿದ್ದಾರೆ. ಹಾಗಿಲ್ಲ. ವೈದ್ಯರು ಅದೇ ಕೋಣೆಯಲ್ಲಿ ಕನ್ಸೋಲಿನ ಮುಂದೆ ಕೂತು ಬೆರಳು ಆಡಿಸುತ್ತಾರೆ. ಒಳಗಿರುವ ಪುಟ್ಟ ಮಣಿಕಟ್ಟು ಅದನ್ನೇ ಮಾಡುತ್ತದೆ. ಕೈ ನಡುಕ ಸೋಸಿಹೋಗುತ್ತದೆ, ಚಿತ್ರದಲ್ಲಿ ಆಳ ಕಾಣುತ್ತದೆ, ಸೂಜಿ ಬೇಕಾದ ಕೋನಕ್ಕೆ ತಿರುಗುತ್ತದೆ. ಹೊಟ್ಟೆಯ ಮೇಲಿನ ರಂಧ್ರಗಳು ಮಾತ್ರ ಲ್ಯಾಪರೊಸ್ಕೋಪಿಯವೇ. ಅಂದರೆ ಪಕ್ಕೆ ಸೀಳುವುದು ತಪ್ಪಿದಾಗ ರೋಗಿಗೆ ಸಿಕ್ಕ ದೊಡ್ಡ ಲಾಭ ಆಗಲೇ ಸಿಕ್ಕಾಗಿತ್ತು. ಯಂತ್ರದ ಹೊಸ ಸೌಕರ್ಯ ಮುಖ್ಯವಾಗಿ ಸಿಕ್ಕದ್ದು ವೈದ್ಯರಿಗೆ. ಅದು ರೋಗಿಯವರೆಗೆ ತಲುಪುತ್ತದೆಯೇ ಎಂಬುದನ್ನು ವಾರ್ಡಿನ ಎರಡು ಹಾಸಿಗೆ ನೋಡಿ ಹೇಳಲು ಬರುವುದಿಲ್ಲ. ಅಳೆದೇ ನೋಡಬೇಕು.

ಅಳೆಯುವವರು ಬಹಳ ಕಾಲ ಸಿಗಲಿಲ್ಲ. ಸರಿಯಾದ ಕ್ರಮವೆಂದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸುವುದು. ಹೊಸ ಔಷಧಿಗೆ ಕಾನೂನೇ ಅದನ್ನು ಕೇಳುತ್ತದೆ. ಉಪಕರಣಕ್ಕೆ ಅಮೆರಿಕದಲ್ಲಿ ಅಷ್ಟು ಬಿಗಿಯಿಲ್ಲ. ಈಗಾಗಲೇ ಇರುವುದರಷ್ಟೇ ಸುರಕ್ಷಿತ ಎಂದು ತೋರಿಸಿದರೆ ಮಾರುಕಟ್ಟೆಗೆ ಬರಬಹುದು. ಯಂತ್ರ ಬಂತು, ಆಸ್ಪತ್ರೆಗಳು ಕೊಂಡವು, ಕೊಂಡ ಮೇಲೆ ಬಳಸಿದವು. ದೊಡ್ಡ ಪ್ರಮಾಣದ ಹೋಲಿಕೆಯೇ ಆಗದೆ ವರ್ಷಗಳು ಕಳೆದವು.

ಕೊನೆಗೆ ಉತ್ತರ ಸಿಕ್ಕದ್ದು ಯಾರೂ ಆ ಉದ್ದೇಶಕ್ಕೆ ಬರೆದಿರದ ಕಾಗದಗಳಲ್ಲಿ: ಆಸ್ಪತ್ರೆಯ ಬಿಲ್ಲುಗಳಲ್ಲಿ. ಅಮೆರಿಕದ ನೂರಾರು ಆಸ್ಪತ್ರೆಗಳು ತಮ್ಮ ಲೆಕ್ಕಪತ್ರವನ್ನು ಪ್ರೀಮಿಯರ್ ಎಂಬ ಸಂಸ್ಥೆಯ ಭಂಡಾರಕ್ಕೆ ಒಪ್ಪಿಸುತ್ತವೆ. ಯಾವ ರೋಗಕ್ಕೆ ಯಾವ ಆಪರೇಷನ್, ಥಿಯೇಟರಿನಲ್ಲಿ ಎಷ್ಟು ಹೊತ್ತು, ಯಾವ ಸಾಮಾನು, ಎಷ್ಟು ಖರ್ಚು ಎಲ್ಲವೂ ಅದರಲ್ಲಿದೆ. ರೋಬೋಟಿಗೆ ಮಾತ್ರ ಹೊಂದುವ ಸಾಮಾನು ಬಿಲ್ಲಿನಲ್ಲಿದ್ದರೆ ಆ ಆಪರೇಷನ್ ರೋಬೋಟಿನದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂತ್ರಶಾಸ್ತ್ರಜ್ಞ ಬೆಂಜಮಿನ್ ಚಂಗ್, ಕೊರಿಯಾದ ಇನ್ ಗ್ಯಾಬ್ ಜಿಯಾಂಗ್ ಮತ್ತಿತರರು ಈ ಭಂಡಾರವನ್ನು ಜಾಲಾಡಿದರು. 2003ರಿಂದ 2015ರವರೆಗೆ, 416 ಆಸ್ಪತ್ರೆಗಳಲ್ಲಿ, ಗಡ್ಡೆಯ ಕಾರಣಕ್ಕೆ ಇಡೀ ಮೂತ್ರಪಿಂಡ ತೆಗೆಸಿಕೊಂಡ 23,753 ರೋಗಿಗಳು. ಅವರಲ್ಲಿ 18,573 ಮಂದಿಗೆ ಲ್ಯಾಪರೊಸ್ಕೋಪಿ, 5,180 ಮಂದಿಗೆ ರೋಬೋಟ್. ವಯಸ್ಸು, ಇತರ ಕಾಯಿಲೆ, ಆಸ್ಪತ್ರೆಯ ಗಾತ್ರ ಮುಂತಾದ ವ್ಯತ್ಯಾಸಗಳು ಫಲಿತಾಂಶವನ್ನು ಎಳೆದಾಡದಂತೆ ಸಂಖ್ಯಾಶಾಸ್ತ್ರದ ತೂಕ ಹಾಕಿ ಎರಡು ಗುಂಪನ್ನೂ ಸರಿದೂಗಿಸಿದರು. 2017ರ ಅಕ್ಟೋಬರಿನಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಮೊದಲು ಕಣ್ಣಿಗೆ ಬಿದ್ದದ್ದು ರೋಬೋಟ್ ಹಬ್ಬಿದ ವೇಗ. 2003ರಲ್ಲಿ ಇಂಥ ಆಪರೇಷನ್‌ಗಳಲ್ಲಿ ಅದರ ಪಾಲು ಶೇ. 1.5, 2015ರ ಹೊತ್ತಿಗೆ ಶೇ. 27. ಇಷ್ಟು ಹಬ್ಬಿದ್ದಕ್ಕೆ ರೋಗಿಗೆ ಸಿಕ್ಕದ್ದೇನು? ಗಂಭೀರ ತೊಡಕುಗಳು ರೋಬೋಟ್ ಗುಂಪಿನಲ್ಲಿ ಶೇ. 3.5, ಲ್ಯಾಪರೊಸ್ಕೋಪಿಯಲ್ಲಿ ಶೇ. 3.8. ಇದನ್ನು ವ್ಯತ್ಯಾಸ ಎಂದು ಕರೆಯಲು ಬರುವುದಿಲ್ಲ. ಸಮಯದಲ್ಲಿ ಮಾತ್ರ ದೊಡ್ಡ ಅಂತರವಿತ್ತು. ನಾಲ್ಕು ಗಂಟೆಗಿಂತ ಹೆಚ್ಚು ಹಿಡಿದ ಆಪರೇಷನ್‌ಗಳು ಲ್ಯಾಪರೊಸ್ಕೋಪಿಯಲ್ಲಿ ಶೇ. 25.8, ರೋಬೋಟಿನಲ್ಲಿ ಶೇ. 46.3. ತೊಂಬತ್ತು ದಿನಗಳ ಆಸ್ಪತ್ರೆ ವೆಚ್ಚ ಸರಾಸರಿ 16,851 ಡಾಲರ್ ಇದ್ದದ್ದು ರೋಬೋಟಿನಲ್ಲಿ 19,530 ಡಾಲರ್ ಆಯಿತು. ಆ ಕಾಲದ ವಿನಿಮಯ ದರದಲ್ಲಿ ಒಬ್ಬೊಬ್ಬ ರೋಗಿಗೆ ಒಂದೂಮುಕ್ಕಾಲು ಲಕ್ಷ ರೂಪಾಯಿಯಷ್ಟು ಹೆಚ್ಚು. ಈ ಹೆಚ್ಚುವರಿಯ ಬಹುಪಾಲು ಹೋದದ್ದು ಥಿಯೇಟರಿನ ಸಮಯಕ್ಕೆ ಮತ್ತು ಸಾಮಾನಿಗೆ.

ಅದೇ ಸಂಚಿಕೆಯಲ್ಲಿ ಗುದನಾಳದ ಕ್ಯಾನ್ಸರ್ ಬಗ್ಗೆ ಇನ್ನೊಂದು ಅಧ್ಯಯನವಿತ್ತು. 471 ರೋಗಿಗಳನ್ನು ಚೀಟಿ ಎತ್ತಿದಂತೆಯೇ ಹಂಚಿ ಮಾಡಿದ್ದು. ಅರ್ಧದಲ್ಲಿ ಕೈಬಿಟ್ಟು ಹೊಟ್ಟೆ ಸೀಳಬೇಕಾಗಿ ಬಂದದ್ದು ಲ್ಯಾಪರೊಸ್ಕೋಪಿಯಲ್ಲಿ ಶೇ. 12.2, ರೋಬೋಟಿನಲ್ಲಿ ಶೇ. 8.1. ರೋಬೋಟಿನ ಕಡೆ ವಾಲುವಂತೆ ಕಂಡರೂ ಖಚಿತವಾಗಿ ಮೇಲು ಎನ್ನುವಷ್ಟು ಅಂತರವಲ್ಲ. ಬೇರೆ ಅಂಗ, ಹಲವು ದೇಶಗಳ ವೈದ್ಯರು, ಬೇರೆ ವಿಧಾನ; ಆದರೂ ಎರಡು ವರದಿಗಳೂ ಹೇಳಿದ್ದು ಹೆಚ್ಚುಕಡಿಮೆ ಒಂದನ್ನೇ.

ಬಿಲ್ಲಿಗೆ ಕಾಣದ್ದೂ ಇದೆ. ನೋವು ಎಷ್ಟಿತ್ತು ಎಂದು ಬಿಲ್ಲು ಹೇಳುವುದಿಲ್ಲ. ಗಡ್ಡೆ ರಕ್ತನಾಳಕ್ಕೆ ಅಂಟಿತ್ತೇ, ಐದು ವರ್ಷದ ಮೇಲೆ ಕ್ಯಾನ್ಸರ್ ಮರುಕಳಿಸಿತೇ ಎಂಬುದೂ ಅದರಲ್ಲಿಲ್ಲ. ರೋಬೋಟ್ ಗುಂಪಿನಲ್ಲಿ ಇನ್ನೂ ಕಲಿಯುತ್ತಿದ್ದ ವೈದ್ಯರು ಹೆಚ್ಚಿದ್ದಿರಬಹುದು, ಅದರಿಂದಲೂ ಸಮಯ ಹೆಚ್ಚಾಗಿರಬಹುದು. ಗುಜರಾತಿನ ನಡಿಯಾದ್‌ನ ಮೂಲ್ಜಿಭಾಯಿ ಪಟೇಲ್ ಆಸ್ಪತ್ರೆಯ ವೈದ್ಯರು ಮೂತ್ರಪಿಂಡ ದಾನಿಗಳನ್ನು ಎರಡು ಗುಂಪಾಗಿ ಹಂಚಿ ಮಾಡಿದ ಸಣ್ಣ ಪರೀಕ್ಷೆಯಲ್ಲಿ ರೋಬೋಟ್ ಗುಂಪಿಗೆ ನೋವು ಕಡಿಮೆಯಿತ್ತು, ಆದರೆ ಸಮಯ ಹೆಚ್ಚು ಹಿಡಿಯಿತು. ಆರೋಗ್ಯವಂತ ದಾನಿಗೆ ಆ ಸ್ವಲ್ಪ ಕಡಿಮೆ ನೋವಿಗೂ ಬೆಲೆಯಿದೆ ಎಂದು ಯಾರಾದರೂ ವಾದಿಸಿದರೆ ನಾನು ಅಲ್ಲಗಳೆಯಲಾರೆ.

ಹಾಗಾದರೆ ಮೂತ್ರಪಿಂಡದ ವಿಷಯದಲ್ಲಿ ರೋಬೋಟ್ ವ್ಯರ್ಥವೇ? ಇಲ್ಲ. ಇಲ್ಲಿಯೇ ಬಹಳ ಜನ ಎಡವುವುದು. ಇಡೀ ಮೂತ್ರಪಿಂಡ ತೆಗೆಯುವಾಗ ಮುಖ್ಯ ಕೆಲಸ ಬಿಡಿಸುವುದು, ರಕ್ತನಾಳಗಳನ್ನು ಭದ್ರವಾಗಿ ಮುಚ್ಚುವುದು, ಕತ್ತರಿಸುವುದು. ಹೊಲಿಗೆ ಹೆಚ್ಚು ಬೇಡ. ಆದರೆ ಗಡ್ಡೆ 4 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ, ಸಾಧ್ಯವಾದಷ್ಟು ಮಟ್ಟಿಗೆ ಗಡ್ಡೆಯನ್ನಷ್ಟೇ ಕೆತ್ತಿ ತೆಗೆದು ಮೂತ್ರಪಿಂಡ ಉಳಿಸುವುದು ಇಂದಿನ ಕ್ರಮ. ಅದಕ್ಕೆ ಅಪಧಮನಿಯನ್ನು ಕ್ಲಾಂಪ್ ಹಾಕಿ ನಿಲ್ಲಿಸಬೇಕು, ಗಡ್ಡೆ ಕತ್ತರಿಸಬೇಕು, ಉಳಿದ ಭಾಗವನ್ನು ಪದರ ಪದರವಾಗಿ ಹೊಲಿಯಬೇಕು, ಕ್ಲಾಂಪ್ ಬಿಡಬೇಕು. ರಕ್ತವಿಲ್ಲದೆ ಮೂತ್ರಪಿಂಡ ಬಹಳ ಹೊತ್ತು ತಾಳುವುದಿಲ್ಲ. ಅರ್ಧ ಗಂಟೆಯೊಳಗೆ, ಸಾಧ್ಯವಾದರೆ ಇನ್ನೂ ಬೇಗ ಎಲ್ಲ ಮುಗಿಯಬೇಕು. ನೇರ ಉಪಕರಣಗಳಲ್ಲಿ ಇದನ್ನು ಮಾಡಬಲ್ಲವರು ಕೆಲವರೇ. ರೋಬೋಟಿನ ಮಣಿಕಟ್ಟು ಬಂದ ಮೇಲೆ ಈ ಆಪರೇಷನ್ ಹೆಚ್ಚು ವೈದ್ಯರ ಕೈಗೆಟುಕಿತು. ತೆಗೆದು ಬಿಸಾಡಬೇಕಾಗಿದ್ದ ಎಷ್ಟೋ ಮೂತ್ರಪಿಂಡಗಳು ಉಳಿದವು. ಯಂತ್ರದ ನಿಜವಾದ ಕೊಡುಗೆ ಅದು. ಬಿಲ್ಲುಗಳ ಅಧ್ಯಯನ ನೋಡಿದ್ದು ಇಡೀ ಮೂತ್ರಪಿಂಡ ತೆಗೆಯುವುದನ್ನು ಮಾತ್ರ.

ವೈದ್ಯರು ಸುಲಭದ ಆಪರೇಷನ್‌ನಲ್ಲಿ ಯಂತ್ರದ ಅಭ್ಯಾಸ ಮಾಡಿಕೊಂಡು ಕಷ್ಟದ್ದಕ್ಕೆ ಹೋಗುತ್ತಾರೆ ಎಂಬ ಸಮರ್ಥನೆಯೊಂದಿದೆ. ಅದು ಸುಳ್ಳಲ್ಲ. ಆದರೆ ಆ ಅಭ್ಯಾಸದ ಖರ್ಚನ್ನು ರೋಗಿಯ ಬಿಲ್ಲಿಗೆ ಸೇರಿಸುವುದಾದರೆ ಅದನ್ನು ರೋಗಿಗೆ ಮೊದಲೇ ಹೇಳಬೇಕು. ವಿಮೆಯಿಲ್ಲದೆ, ಹೊಲ ಅಡವಿಟ್ಟು ಆಪರೇಷನ್ ಮಾಡಿಸುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಗುರುಗ್ರಾಮದಲ್ಲಿ ತಯಾರಾಗುವ ಮಂತ್ರ ಎಂಬ ಭಾರತೀಯ ರೋಬೋಟ್ ಬಂದಿದೆ, ಇಂಥವುಗಳಿಂದ ವೆಚ್ಚ ಇಳಿದೀತು. ಇಳಿದರೆ ಲೆಕ್ಕ ಬದಲಾಗುತ್ತದೆ. ಇಡೀ ಅಂಗ ತೆಗೆಯುವುದಕ್ಕೆ ಹೊಲಿಗೆಯ ಮಣಿಕಟ್ಟು ಅಷ್ಟಾಗಿ ಬೇಕಿಲ್ಲ ಎಂಬುದು ಬದಲಾಗುವುದಿಲ್ಲ.

ಬೆಂಗಳೂರಿನ ರಸ್ತೆಗಳಲ್ಲಿ ರೋಬೋಟಿಕ್ ಸರ್ಜರಿಯ ದೊಡ್ಡ ಫಲಕಗಳನ್ನು ನೋಡುತ್ತೇವೆ. ನಿಮಗೋ ನಿಮ್ಮ ಮನೆಯವರಿಗೋ ಮೂತ್ರಪಿಂಡದ ಗಡ್ಡೆಗೆ ಆಪರೇಷನ್ ಹೇಳಿದರೆ ಫಲಕ ನೋಡಿ ತೀರ್ಮಾನಿಸಬೇಡಿ. ಗಡ್ಡೆಯನ್ನಷ್ಟೇ ತೆಗೆದು ಮೂತ್ರಪಿಂಡ ಉಳಿಸಲು ಆಗುತ್ತದೆಯೇ ಎಂದು ಮೊದಲು ಕೇಳಿ. ಆಗುತ್ತದೆ ಎಂದಾದರೆ ರೋಬೋಟಿಗೆ ಕೊಡುವ ಹಣಕ್ಕೆ ಅರ್ಥವಿದೆ. ಇಡಿಯಾಗಿ ತೆಗೆಯಲೇಬೇಕು ಎಂದಾದರೆ, ಅದನ್ನು ಲ್ಯಾಪರೊಸ್ಕೋಪಿಯಲ್ಲಿ ನೀವೇ ಎಷ್ಟು ಮಾಡಿದ್ದೀರಿ ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೈ ಪಳಗಿದ ವೈದ್ಯರು ಸಿಕ್ಕರೆ ಯಂತ್ರವಿಲ್ಲದ ಆಸ್ಪತ್ರೆಯಲ್ಲೂ ಧೈರ್ಯವಾಗಿ ಆಪರೇಷನ್ ಮಾಡಿಸಿಕೊಳ್ಳಿ.